ತಿಂಗಳ ಸಭೆಯೂ ಕಾಲಡಿಯ ಶಾಸನವೂ

ನಮ್ಮ ಬಳಗದ ಇತಿಹಾಸ ಉಪನ್ಯಾಸವು ಪ್ರತಿ ತಿಂಗಳ ಎರಡನೆಯ ರವಿವಾರ ಸಂಜೆ ನಾಲ್ಕು ಗಂಟೆಗೆ ನಡೆಯುತ್ತದೆ ಎಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ವಾಸ್ತವದಲ್ಲಿ ಅದರ ಸಮಯವನ್ನು ನಿರ್ಧರಿಸುವುದು ನಾವಲ್ಲ, ರೈಲ್ವೆಯ ಮೆಗಾ ಬ್ಲಾಕ್. ಕಲ್ಯಾಣ, ಡೊಂಬಿವಲಿಯಿಂದ ಹೊರಟವರು ಮುಂಬ್ರಾದ ಆಚೆಗೋ ಈಚೆಗೋ ನಿಂತ ಗಾಡಿಯಲ್ಲಿ ಕುಳಿತಿರುತ್ತಾರೆ. ವಾಶಿ, ನೆರೂಲಿನವರು ಠಾಣೆಯ ಮೇಲ್ಸೇತುವೆ ಹತ್ತಿ ಇಳಿದು ಬೆವರೊರೆಸಿಕೊಳ್ಳುತ್ತ ಬರುತ್ತಾರೆ. ಉಪನ್ಯಾಸಕರು ಬಂದು ಕುಳಿತಾಗ ಸಭಿಕರಿರುವುದಿಲ್ಲ, ಸಭಿಕರು ನೆರೆದಾಗ ಉಪನ್ಯಾಸಕರು ಚಹಾ ಕುಡಿಯಲು ಎದ್ದಿರುತ್ತಾರೆ. ಹೀಗೆ ನಾಲ್ಕೂಮುಕ್ಕಾಲಿಗೆ ಪ್ರಾರ್ಥನೆ, ಅನಂತರ ಸ್ವಾಗತ, ಶಾಲು, ಫಲತಾಂಬೂಲ, ಪರಿಚಯ. ವಿಷಯಕ್ಕೆ ಬರುವಷ್ಟರಲ್ಲಿ ಐದೂಕಾಲು. ಆರೂವರೆಯ ಲೋಕಲಿಗೆ ಮರಳಬೇಕಾದವರು ಆಗಲೇ ಚೀಲ ಹುಡುಕತೊಡಗಿರುತ್ತಾರೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಮೂವತ್ತೋ ನಲವತ್ತೋ ಮಂದಿ, ವಾರಕ್ಕೆ ಸಿಗುವ ಒಂದೇ ಬಿಡುವಿನ ದಿನವನ್ನು ಕನ್ನಡದ ಮಾತಿಗಾಗಿ ಕೊಡುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಹಳೆಯ ಆಮಂತ್ರಣಗಳನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡಿದಾಗ ನಮಗೇ ಒಂದು ಸಂಕೋಚವಾಯಿತು. ಬಾದಾಮಿಯ ಮೇಣಬಸದಿಗಳು, ಹಂಪೆ, ಮತ್ತೆ ಹಂಪೆ, ಕಿತ್ತೂರು ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಹೊಯ್ಸಳ ಶಿಲ್ಪ, ಇನ್ನೊಮ್ಮೆ ಬಾದಾಮಿ. ನಾವು ಕುಳಿತು ಕೇಳುವ ಸಭಾಗೃಹದಿಂದ ನಡೆದು ಹೋಗಬಹುದಾದ ದೂರದಲ್ಲಿ ಏನಿದೆ ಎಂಬುದರ ಬಗ್ಗೆ ಒಂದು ಸಂಜೆಯೂ ಇರಲಿಲ್ಲ. ಹಿರಿಯ ಸದಸ್ಯರೊಬ್ಬರು ಅದನ್ನು ಇನ್ನಷ್ಟು ನೇರವಾಗಿಯೇ ಹೇಳಿದರು: "ನಾವು ಇಲ್ಲಿ ನಲವತ್ತು ವರ್ಷ ಬಾಳಿದ್ದೇವೆ. ಆದರೂ ನೆಂಟರ ಮನೆಯಲ್ಲಿ ಕುಳಿತವರ ಹಾಗೆ, ನಮ್ಮ ಮನೆಯ ಸುದ್ದಿಯನ್ನೇ ಮಾತಾಡುತ್ತೇವೆ."

ಇತಿಹಾಸಕ್ಕೆಂದು ಜನ ತಿಂಗಳಿಗೊಮ್ಮೆ ಕೂಡುವ ಪದ್ಧತಿ ಈ ಭಾಗದಲ್ಲಿ ಹೊಸದೇನಲ್ಲ. 1804ರ ನವೆಂಬರ್ 26ರಂದು ಜೇಮ್ಸ್ ಮ್ಯಾಕಿಂಟಾಷ್ ಮುಂಬಯಿಯಲ್ಲಿ ಕಟ್ಟಿದ ಲಿಟರರಿ ಸೊಸೈಟಿಯೇ ಮುಂದೆ ಏಷ್ಯಾಟಿಕ್ ಸೊಸೈಟಿಯಾಯಿತು. ಸಭೆ ಸೇರಿ ಪ್ರಬಂಧ ಓದುವುದು, ಅದನ್ನು ಚರ್ಚಿಸುವುದು, ಬಳಿಕ ಅಚ್ಚು ಹಾಕುವುದು ಅದರ ಕ್ರಮ. ಭಾರತೀಯರಿಗೆ ಮೊದಮೊದಲು ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ, ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ, ಧಾರವಾಡದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ 1914ರಲ್ಲಿ ಹುಟ್ಟಿದವು. ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ 1926ರದು. 1951ರಲ್ಲಿ ಸಾಹಿತ್ಯ ಸಮ್ಮೇಳನ ಮುಂಬಯಿಗೆ ಬಂದಾಗ ಅಧ್ಯಕ್ಷಪೀಠದಲ್ಲಿದ್ದವರು ಮಂಜೇಶ್ವರದ ಗೋವಿಂದ ಪೈಗಳು. ಅವರನ್ನು ನಾವು ಕವಿಯೆಂದೇ ನೆನೆಯುತ್ತೇವೆ. ಆದರೆ ಒಂದು ರಾಜನ ಕಾಲವನ್ನು ಹತ್ತು ವರ್ಷ ಹಿಂದೆ ಮುಂದೆ ಸರಿಸಲು ಅವರು ವ್ಯಯಿಸಿದ ಶ್ರಮವನ್ನು ಕಂಡವರು ಅವರನ್ನು ಮೊದಲು ಇತಿಹಾಸಕಾರರೆಂದೇ ಕರೆದಾರು.

ಆ ಹಿರಿಯರ ಮಾತಿನ ನಂತರ ನಾವು ಒಂದು ನಿರ್ಣಯ ಮಾಡಿದೆವು. ಒಂದು ವರ್ಷ ಕರ್ನಾಟಕದ ಗಡಿಯೊಳಗಿನ ವಿಷಯ ಬೇಡ, ಠಾಣೆ ಜಿಲ್ಲೆಯ ನೆಲದ ಬಗ್ಗೆ ಮಾತ್ರ ಮಾತು. ಹಲವರಿಗೆ ಇದು ರುಚಿಸಲಿಲ್ಲ. ಇಲ್ಲಿ ಕನ್ನಡದ್ದೇನಿದೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಎರಡು ತಪ್ಪು ಉತ್ತರಗಳಿವೆ. ಏನೂ ಇಲ್ಲ ಎಂಬುದು ಒಂದು, ಎಲ್ಲವೂ ನಮ್ಮದೇ ಎಂಬುದು ಇನ್ನೊಂದು. ಒಂದು ವರ್ಷವಿಡೀ ನಾವು ಈ ಎರಡರ ನಡುವೆಯೇ ಓಲಾಡಿದೆವು.

ಮೊದಲ ಸಂಜೆ ಆರಿಸಿಕೊಂಡದ್ದು ಠಾಣೆಯ ತಾಮ್ರಪಟಗಳನ್ನು. ಇಂದು ಮಧ್ಯವರ್ತಿ ಕಾರಾಗೃಹವಿರುವ ಠಾಣೆಯ ಕೋಟೆಯಲ್ಲಿ 1787ರಲ್ಲಿ ಹೊಸ ಕಟ್ಟಡಕ್ಕೆ ಅಡಿಪಾಯ ಅಗೆಯುತ್ತಿದ್ದಾಗ ಅವು ಸಿಕ್ಕಿದವು. ರಾಮಲೋಚನ ಪಂಡಿತರು ಓದಿ ಅರ್ಥ ಹೇಳಿದ ಆ ದಾನಪತ್ರ ಮರುವರ್ಷವೇ ಕಲ್ಕತ್ತೆಯ ಏಷ್ಯಾಟಿಕ್ ರಿಸರ್ಚಸ್‌ನ ಮೊದಲ ಸಂಪುಟದಲ್ಲಿ ಅಚ್ಚಾಯಿತು. ನಮ್ಮ ದೇಶದ ಶಾಸನಗಳಲ್ಲಿ ಆಧುನಿಕ ಮುದ್ರಣ ಕಂಡ ಮೊದಮೊದಲಿನವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಕೊಟ್ಟವನು ಶಿಲಾಹಾರ ಅರಿಕೇಸರಿ, ಕಾಲ ಶಕ 939, ಅಂದರೆ ಕ್ರಿ.ಶ. 1017.

ಅರಿಕೇಸರಿ ಎಂಬ ಹೆಸರು ಉಚ್ಚರಿಸಿದ ಕ್ಷಣವೇ ಸಭೆಯಲ್ಲಿ ಒಂದು ಸಂಚಲನ. ಪಂಪನ ಆಶ್ರಯದಾತನ ಹೆಸರದು! ಒಬ್ಬರು ಎದ್ದು ನಿಂತು, ವಿಕ್ರಮಾರ್ಜುನ ವಿಜಯದ ನಾಯಕ ಠಾಣೆಯಲ್ಲಿ ಆಳಿದನೇ ಎಂದು ಕೇಳಿಯೇಬಿಟ್ಟರು. ಅಲ್ಲ. ಪಂಪನ ಅರಿಕೇಸರಿ ವೇಮುಲವಾಡದ ಚಾಲುಕ್ಯ, ಹತ್ತನೆಯ ಶತಮಾನದವನು. ಈತ ಉತ್ತರ ಕೊಂಕಣದ ಶಿಲಾಹಾರ, ಕೇಶಿದೇವನೆಂದೂ ಹೆಸರು, ಅವನಿಗಿಂತ ಮುಕ್ಕಾಲು ಶತಮಾನ ಈಚಿನವನು. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನಾಗುವುದಿಲ್ಲ. ನಮ್ಮ ಕಲ್ಯಾಣದ ವಿಷಯದಲ್ಲೂ ಇದೇ ಗೊಂದಲ. ವಿಕ್ರಮಾದಿತ್ಯನ ಕಲ್ಯಾಣ, ಬಸವಣ್ಣನವರ ಕಲ್ಯಾಣ ಬೀದರ ಜಿಲ್ಲೆಯದು. ಉಲ್ಹಾಸ ನದಿಯ ದಂಡೆಯ ಈ ಕಲ್ಯಾಣ ಕ್ರಿಸ್ತಶಕದ ಆರಂಭದಲ್ಲೇ ಬಂದರಾಗಿತ್ತು, ಗ್ರೀಕ್ ನಾವಿಕನೊಬ್ಬ ಬರೆದ ಪೆರಿಪ್ಲಸ್ ಎಂಬ ಕೈಪಿಡಿಯಲ್ಲಿ ಅದರ ಹೆಸರಿದೆ, ಕಾನ್ಹೇರಿಯ ಗುಹೆಗಳಿಗೆ ದಾನವಿತ್ತವರಲ್ಲಿ ಕಲ್ಯಾಣದ ವರ್ತಕರಿದ್ದಾರೆ. ಅದಕ್ಕೆ ಅದರದೇ ದೊಡ್ಡಸ್ತಿಕೆಯಿದೆ, ನಮ್ಮ ಕಲ್ಯಾಣದಿಂದ ಸಾಲ ಪಡೆಯಬೇಕಾಗಿಲ್ಲ.

ಹೀಗೆ ಮೊದಲ ಸಂಜೆಯೇ ಎರಡು ಸಂತೋಷಗಳನ್ನು ಕಳೆದುಕೊಂಡ ಸಭಿಕರು ಸ್ವಲ್ಪ ಮುನಿದುಕೊಂಡೇ ಮನೆಗೆ ಹೋದರು. ಮುಂದಿನ ತಿಂಗಳು ಹಾಜರಿ ಇಪ್ಪತ್ತೆರಡಕ್ಕೆ ಇಳಿಯಿತು.

ಆದರೆ ಆ ಇಪ್ಪತ್ತೆರಡು ಮಂದಿ ಅಂದು ಕೇಳಿದ್ದು ನಿಜಕ್ಕೂ ಕೇಳಬೇಕಾದದ್ದು. ಉತ್ತರ ಕೊಂಕಣದ ಶಿಲಾಹಾರರು ಸುಮಾರು 800ರಿಂದ 1265ರವರೆಗೆ, ನಾಲ್ಕೂವರೆ ಶತಮಾನಗಳ ಕಾಲ ಈ ಕರಾವಳಿಯನ್ನು ಆಳಿದರು. ದಾನಪತ್ರಗಳಲ್ಲಿ ಶ್ರೀಸ್ಥಾನಕ ಎಂದಿರುವುದು ನಮ್ಮ ಠಾಣೆಯೇ. ತಮ್ಮನ್ನು ಅವರು ತಗರಪುರದ ಒಡೆಯರೆಂದು ಹೇಳಿಕೊಳ್ಳುತ್ತಾರೆ. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ದಾನಪತ್ರಗಳ ಭಾಷೆ ಸಂಸ್ಕೃತ, ಲಿಪಿ ನಾಗರಿ. ಆ ಸಂಸ್ಕೃತ ಗದ್ಯ ಉದ್ದುದ್ದದ ಸಮಾಸಗಳಲ್ಲಿ ಸಾಗುತ್ತ, ರಾಜನ ಬಿರುದುಗಳನ್ನು ಎಣಿಸುವ ಜಾಗಕ್ಕೆ ಬಂದಾಗ ತಟ್ಟನೆ ಬೇರೊಂದು ದನಿ ಕೇಳಿಸುತ್ತದೆ: ಗಂಡರಗಂಡ. ನನ್ನಿಸಮುದ್ರ. ಮಲಗಲಗಂಡ. ಇವು ಸಂಸ್ಕೃತವಲ್ಲ, ಮರಾಠಿಯೂ ಅಲ್ಲ. ನನ್ನಿ ಎಂದರೆ ಸತ್ಯವೆಂದು ಹಳಗನ್ನಡ ಓದಿದ ಯಾರಿಗೂ ಗೊತ್ತು. ಮಲಗಲಗಂಡವನ್ನು ಮಲೆಗಳ ಗಂಡ ಎಂದು ಬಿಡಿಸಿದರೆ ಹೊಯ್ಸಳರ ಬಿರುದಿನ ನೆಂಟಸ್ತಿಕೆ ಕಾಣುತ್ತದೆ. ಅಳತೇಕರರಂಥ ವಿದ್ವಾಂಸರು ಈ ಬಿರುದುಗಳನ್ನೇ ಆಧಾರವಾಗಿಟ್ಟುಕೊಂಡು ಈ ಮನೆತನದ ಮೂಲ ಭಾಷೆ ಕನ್ನಡವಾಗಿದ್ದಿರಬೇಕೆಂದು ವಾದಿಸಿದರು. ವಾ. ವಿ. ಮಿರಾಶಿಯವರು ಶಿಲಾಹಾರರ ಶಾಸನಗಳನ್ನೆಲ್ಲ ಒಂದೇ ಸಂಪುಟಕ್ಕೆ ತಂದದ್ದು 1977ರಲ್ಲಿ. ಆ ಸಂಪುಟ ಕೈಗೆ ಸಿಕ್ಕವರು ಬಿರುದುಗಳನ್ನು ತಾವೇ ಎಣಿಸಿ ನೋಡಬಹುದು.

ನಮಗೆ ಇದರಲ್ಲಿ ಕಂಡ ವಿಶೇಷವೆಂದರೆ, ಆಡಳಿತದ ಭಾಷೆ ಒಂದು, ನೆಲದ ಜನರ ಮಾತು ಇನ್ನೊಂದಾಗಿದ್ದಾಗ ರಾಜಮನೆತನ ತನ್ನ ಮೂಲ ನುಡಿಯನ್ನು ಹೆಸರಿಗೆ ಅಂಟಿದ ಬಿರುದಿನಲ್ಲಿ ಉಳಿಸಿಕೊಂಡಿತ್ತು ಎಂಬುದು. ಇದನ್ನು ಅರ್ಥ ಮಾಡಿಕೊಳ್ಳಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಡೊಂಬಿವಲಿಯ ಯಾವುದೇ ಕಟ್ಟಡದ ಹೆಸರುಪಟ್ಟಿಯ ಮುಂದೆ ನಿಂತರೆ ಸಾಕು. ಮನೆಯೊಳಗೆ ಮೊಮ್ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ಬಾಗಿಲ ಮೇಲಿನ ಅಡ್ಡಹೆಸರು ಮಾತ್ರ ಯಾವುದೋ ಹಳ್ಳಿಯದು, ಆ ಮಕ್ಕಳು ನೋಡದ ಹಳ್ಳಿಯದು.

ಮೂರನೆಯ ತಿಂಗಳು ಕಾನ್ಹೇರಿ. ಠಾಣೆಯ ಯೇಊರು ಬೆಟ್ಟದ ಆಚೆಯ ಇಳಿಜಾರಿನಲ್ಲಿ, ಬೊರಿವಲಿಯ ಕಡೆಗೆ ಆ ಗುಹೆಗಳಿವೆ. ಯೇಊರಿನ ಹೆಸರಲ್ಲಿ 'ಊರು' ಕೇಳಿ ನಮ್ಮವರಿಗೆ ಮೈ ಜುಮ್ಮೆನ್ನುತ್ತದೆ, ಆದರೆ ಅಷ್ಟರಿಂದಲೇ ಏನನ್ನೂ ಹೇಳಲಾಗದು ಎಂಬ ಪಾಠವನ್ನು ಅಷ್ಟರಲ್ಲಿ ಕಲಿತಿದ್ದೆವು. ಕಾನ್ಹೇರಿಯ ಗುಹೆಗಳಲ್ಲಿ ಶಕ 765, 775 ಮತ್ತು 799ರ, ಅಂದರೆ 843ರಿಂದ 878ರ ನಡುವಿನ ಮೂರು ಶಾಸನಗಳಿವೆ. ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿ ಇಲ್ಲಿ ಸಾಮಂತರು. ಅವರ ಒಡೆಯನಾಗಿ ಹೆಸರಿಸಲ್ಪಟ್ಟವನು ರಾಷ್ಟ್ರಕೂಟ ಅಮೋಘವರ್ಷ. ನಮ್ಮ ನೃಪತುಂಗನೇ, ಈ ಸಲ ಹೆಸರಿನ ಮೋಸವಿಲ್ಲ. ಒಂದು ಶಾಸನದ ದಾನದಲ್ಲಿ ಭಿಕ್ಷುಗಳ ವಸ್ತ್ರಕ್ಕೆ, ವಿಹಾರದ ಜೀರ್ಣೋದ್ಧಾರಕ್ಕೆ, ಪುಸ್ತಕಗಳಿಗೆ ಪಾಲು ತೆಗೆದಿಟ್ಟಿದೆ. ಇನ್ನೊಂದರಲ್ಲಿ ದಾನಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಉಪಾಸಕ. ಮಳಖೇಡದ ಜೈನಪಕ್ಷಪಾತಿ ಚಕ್ರವರ್ತಿ, ಕೊಂಕಣದ ಸಾಮಂತ, ಬಂಗಾಳದ ಬೌದ್ಧ ದಾನಿ, ಎಲ್ಲರೂ ಒಂದೇ ಬಂಡೆಯ ಮೇಲೆ. ಮಳಖೇಡದಲ್ಲಿ ಕವಿರಾಜಮಾರ್ಗ ರೂಪುಗೊಂಡ ಕಾಲವೂ ಅದೇ, ಸುಮಾರು 850.

ಗೋದಾವರಿಯ ಪ್ರಶ್ನೆ ಎದ್ದದ್ದು ಅಂದೇ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹಿಂದಿನ ಸಾಲಿನಿಂದ ಒಬ್ಬರು ಲೆಕ್ಕ ಹಾಕಿದರು: ಗೋದಾವರಿ ಹುಟ್ಟುವುದು ನಾಸಿಕದ ತ್ರ್ಯಂಬಕದಲ್ಲಿ, ಠಾಣೆ ಅದಕ್ಕಿಂತ ದಕ್ಷಿಣಕ್ಕಿದೆ. "ಹಾಗಾದರೆ ನಾವು ಇಲ್ಲಿಗೆ ವಲಸೆ ಬಂದವರೇ ಅಲ್ಲ!" ಬಹಳ ದಿನಗಳ ನಂತರ ಸಭಾಗೃಹದಲ್ಲಿ ಚಪ್ಪಾಳೆ ಕೇಳಿಸಿತು.

ಚಪ್ಪಾಳೆ ನಿಂತ ಮೇಲೆ, ಸದಸ್ಯರೊಬ್ಬರ ಸೊಸೆ, ಮರಾಠಿ ಮನೆಯಿಂದ ಬಂದು ಕನ್ನಡ ಕಲಿತವರು, ಕೈ ಎತ್ತಿದರು. "ಸರ್, ಆ ಮೂರು ಶಾಸನಗಳಲ್ಲಿ ಕನ್ನಡದ ಸಾಲು ಎಷ್ಟು?" ಒಂದೂ ಇಲ್ಲ ಎಂದು ಉಪನ್ಯಾಸಕರು ಉತ್ತರಿಸಿದರು. "ಅಂಬರನಾಥದ ದೇವಾಲಯದ ಶಾಸನದಲ್ಲಿ?" ಅದು ಶಕ 982ರದು, ಕ್ರಿ.ಶ. 1060, ಮುಮ್ಮುಣಿಯ ಕಾಲದ್ದು. ಸಂಸ್ಕೃತ. "ಹಾಗಾದರೆ ಜನ ಏನು ಮಾತಾಡುತ್ತಿದ್ದರು?" ಅದಕ್ಕೆ ಶಿಲಾಹಾರರ ಕೊನೆಯ ಶತಮಾನದ ಶಾಸನಗಳಲ್ಲಿ ಸ್ವಲ್ಪ ಸುಳಿವಿದೆ. 1187ರ ಪರೇಲದ ಶಾಸನದಲ್ಲಿ ದಾನದ ವಿವರವೆಲ್ಲ ಸಂಸ್ಕೃತದಲ್ಲಿದ್ದು, ದಾನವನ್ನು ಕೆಡಿಸುವವರಿಗೆ ಹಾಕುವ ಶಾಪ ಮಾತ್ರ ಮರಾಠಿಯಲ್ಲಿದೆ. ಬೈಗುಳ ಎಂದಿದ್ದರೂ ಕೇಳುವವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕಲ್ಲವೇ?

ಆ ಸೊಸೆಯ ಪ್ರಶ್ನೆಗಳಿಂದ ಕೆಲವರಿಗೆ ಇರುಸುಮುರುಸಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಅಭಿಪ್ರಾಯ ಆಗಲೂ ಈಗಲೂ ಅವರ ಪರವಾಗಿಯೇ ಇದೆ. ಗೋದಾವರಿಯ ಆ ಮಾತನ್ನು ಆಡಿದ ಅದೇ ಗ್ರಂಥ, ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಆಸುಪಾಸು, ಸಹ್ಯಾದ್ರಿಯ ಪೂರ್ವಕ್ಕೆ. ಕೊಂಕಣದ ಕರಾವಳಿಯಲ್ಲ. ಅಕ್ಷಾಂಶದ ಗೆರೆಯೆಳೆದು ನಾಡು ಕಟ್ಟುವುದು ಆ ಕಾಲದವರ ಕಲ್ಪನೆಯಾಗಿರಲಿಲ್ಲ, ಅದು ನಮ್ಮ ಕಾಲದ ರೋಗ. ಇದರಲ್ಲಿ ಬರೀ ಪಾಂಡಿತ್ಯದ ಪ್ರಶ್ನೆಯೂ ಇಲ್ಲ. ಗಡಿಯ ವಿವಾದ ಕಾವೇರಿದಾಗಲೆಲ್ಲ ಲೋಕಲಿನಲ್ಲಿ ದನಿ ತಗ್ಗಿಸಿ ಮಾತಾಡಿದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಅಂಥ ದಿನಗಳಲ್ಲಿ ಯಾರೋ ಆಡಿದ ಅರ್ಧಸತ್ಯದ ಬೆಲೆಯನ್ನು ತೆರುವವರು ಅಂಗಡಿ ಇಟ್ಟುಕೊಂಡವರು, ಮಕ್ಕಳನ್ನು ಶಾಲೆಗೆ ಕಳಿಸುವವರು. ಈ ನೆಲ ಕನ್ನಡದ್ದಾಗಿತ್ತು ಎಂದು ಸಾಧಿಸಿ ನಮಗೆ ದೊರೆಯುವುದೇನು? ಇಲ್ಲಿ ಬಾಳಲು ನಮಗೆ ಒಂಬತ್ತನೆಯ ಶತಮಾನದ ಪರವಾನಗಿ ಬೇಕಾಗಿಲ್ಲ.

ಹಾಗೆಂದು ಇರುವುದನ್ನು ಇಲ್ಲವೆನ್ನುವುದೂ ಸತ್ಯವಲ್ಲ. ಮರಾಠಿಯ ವೀರಗಳ ನಮ್ಮ ವೀರಗಲ್ಲೇ. ಬೊರಿವಲಿಯ ಏಕ್ಸರದಲ್ಲಿ ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ದನ ಕಾಯುತ್ತ, ಊರು ಕಾಯುತ್ತ ಸತ್ತವರ ಕಲ್ಲುಗಳನ್ನು ನೋಡಿ ಬೆಳೆದ ನಮಗೆ ಹುಟ್ಟುಹಾಕುವ ಅಂಬಿಗರ ಸಾಲು ಕೆತ್ತಿದ ಕಲ್ಲು ಹೊಸದು. ಕೊನೆಯ ಶಿಲಾಹಾರ ಸೋಮೇಶ್ವರ ಯಾದವ ಮಹಾದೇವನೊಡನೆ ಕಾದಾಡಿ ಸಮುದ್ರದಲ್ಲಿ ಮುಳುಗಿದನೆಂದು ಹೇಮಾದ್ರಿ ಬರೆದಿದ್ದಾನೆ; ಈ ಕಲ್ಲುಗಳು ಆ ಯುದ್ಧದವೇ ಎಂದು ಕೆಲವರು ಹೇಳುತ್ತಾರೆ, ಬೇರೆ ಮತಗಳೂ ಇವೆ. ವೀರಗಳದ ಉತ್ಸಾಹದಲ್ಲಿ ನಮ್ಮವರು ಗದ್ಧೇಗಾಳಕ್ಕೂ ಕೈ ಹಾಕಿದರು. ಮೇಲೆ ಸೂರ್ಯಚಂದ್ರ, ಕೆಳಗೆ ಕತ್ತೆಯ ಹೇಸಿಗೆಯ ಚಿತ್ರ ಇರುವ ಶಾಪದ ಕಲ್ಲು ಅದು, ಈ ಸೀಮೆಯಲ್ಲಿ ಹೊಲದಂಚಿಗೆ, ಗುಡಿಯ ಹಿಂದೆ ಅಲ್ಲಲ್ಲಿ ಬಿದ್ದಿರುತ್ತದೆ. ಅದೂ 'ಕಲ್ಲು' ತಾನೇ ಎಂದರು. ಅಲ್ಲ, ಅಲ್ಲಿರುವುದು ಗಾಳ, ಎಂದರೆ ಬೈಗುಳ. ಪಕ್ಕಪಕ್ಕದಲ್ಲಿ ನಿಂತ ಎರಡು ಕಲ್ಲುಗಳಲ್ಲಿ ಒಂದರ ಹೆಸರು ಕನ್ನಡದಿಂದ ಬಂದದ್ದು, ಇನ್ನೊಂದರದು ಅಲ್ಲ. ಇದೇ ಕುಲದ ಕೊಲ್ಲಾಪುರದ ಶಾಖೆಯವರು ಕನ್ನಡದಲ್ಲೇ ಶಾಸನ ಬರೆಸಿದರು, ಅವರ ಆಶ್ರಯದಲ್ಲಿ ಕರ್ಣಪಾರ್ಯ ನೇಮಿನಾಥಪುರಾಣ ಬರೆದ. ಇತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮರಾಠಿಯ ಸಾಲಿದೆ. ಗೋವೆಯ ಕದಂಬರು ಈ ಉತ್ತರ ಕೊಂಕಣವನ್ನು ಕವಡಿದ್ವೀಪವೆಂದು ಕರೆದರು. ಕಪರ್ದಿ ಎಂಬ ರಾಜನ ಹೆಸರೇ ಕವಡಿಯಾಯಿತೆಂಬುದು ವಿದ್ವಾಂಸರ ಊಹೆ. ಯಾವುದು ಯಾರದು ಎಂದು ಪಾಲು ಮಾಡಲು ಹೊರಟರೆ ಸಂಜೆ ಸಾಲದು.

ಇಡೀ ವರ್ಷದಲ್ಲಿ ನಮ್ಮನ್ನು ಹೆಚ್ಚು ಕಲಕಿದ್ದು ಭಾದಾಣೆಯ ತಾಮ್ರಪಟ. ಭಾದಾಣೆ ಭಿವಂಡಿ ತಾಲೂಕಿನ ಹಳ್ಳಿ. ಶಕ 919ರಲ್ಲಿ, ಅಂದರೆ 997ರಲ್ಲಿ, ಶಿಲಾಹಾರ ಅಪರಾಜಿತ ಆ ಹಳ್ಳಿಯನ್ನು ಲೋಣಾದಿತ್ಯನೆಂಬ ಸೂರ್ಯದೇವರಿಗೆ ಬಿಟ್ಟುಕೊಟ್ಟ. ದೇವರಿದ್ದ ಸ್ಥಳ ಕಲ್ಯಾಣಕ್ಕೆ ಸಮೀಪದ ಲೋಣಾಡವೆಂದು ಗುರುತಿಸಿದ್ದಾರೆ. ಕೀಲ್‌ಹಾರ್ನರು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಅದನ್ನು ಪ್ರಕಟಿಸಿದರು. ಆ ದಾನಪತ್ರ ತೆರೆದುಕೊಳ್ಳುವುದು ಶಿಲಾಹಾರರ ಕತೆಯಿಂದಲ್ಲ. ರಾಷ್ಟ್ರಕೂಟರ ವಂಶಾವಳಿಯನ್ನು ಗೋವಿಂದನಿಂದ ಹಿಡಿದು ಕಕ್ಕಲನವರೆಗೆ ಒಬ್ಬೊಬ್ಬರನ್ನಾಗಿ ಹೆಸರಿಸುತ್ತದೆ. ತೈಲಪನು ಕಕ್ಕಲನನ್ನು ಸೋಲಿಸಿದನೆಂದೂ ರಟ್ಟರ ರಾಜ್ಯ ಈಗ ನೆನಪಾಗಿ ಮಾತ್ರ ಉಳಿದಿದೆಯೆಂದೂ ಹೇಳುತ್ತದೆ. ಮಳಖೇಡ ಬಿದ್ದದ್ದು 973ರಲ್ಲಿ. ಇಪ್ಪತ್ತನಾಲ್ಕು ವರ್ಷಗಳ ಅನಂತರ, ಗೆದ್ದ ಚಾಲುಕ್ಯರನ್ನು ಒಡೆಯರೆಂದು ಒಪ್ಪದೆ, ಇಲ್ಲದ ಒಡೆಯರ ಹೆಸರನ್ನು ತಾಮ್ರದ ಮೇಲೆ ಕೊರೆಸಿದ್ದಾನೆ ಅಪರಾಜಿತ. ಅದರಲ್ಲಿ ರಾಜಕೀಯವೂ ಇದ್ದೀತು. ಸತ್ತ ಒಡೆಯನನ್ನು ಹೊಗಳಿದರೆ ಬದುಕಿರುವವನಿಗೆ ಕಪ್ಪ ಕೊಡಬೇಕಾಗುವುದಿಲ್ಲ. ಆದರೂ ಹಳ್ಳಿಯೊಂದರ ದಾನಪತ್ರದಲ್ಲಿ ಇಷ್ಟು ಉದ್ದದ ತಿಥಿಪಾಠ ಬೇಕಾಗಿರಲಿಲ್ಲ.

ನಾವು ಹದಿನಾರು ಮಂದಿ ಒಂದು ರವಿವಾರ ಬೆಳಿಗ್ಗೆ ಎರಡು ಟೆಂಪೋಗಳಲ್ಲಿ ಲೋಣಾಡಕ್ಕೆ ಹೋದೆವು. ದಾರಿಯುದ್ದಕ್ಕೂ ಗೋದಾಮುಗಳು, ಲಾರಿಗಳು, ಧೂಳು. ಗುಡ್ಡದ ಮೇಲೆ ಒಂದು ಗುಹೆ, ಊರಲ್ಲಿ ಹಳೆಯ ಶಿವಾಲಯದ ಅವಶೇಷ. ಅಲ್ಲಿಯ ಅಜ್ಜಿಯೊಬ್ಬರು ನಮ್ಮ ಹೆಂಗಸರಿಗೆ ನೀರು ಕೊಟ್ಟು ಎಲ್ಲಿಂದ ಬಂದಿರೆಂದು ಕೇಳಿದರು. "ಡೊಂಬಿವಲಿ" ಎಂದೆವು. "ಅದಕ್ಕೂ ಮೊದಲು?" ಎಂದು ಆಕೆ ನಕ್ಕರು. ನಮ್ಮ ಮರಾಠಿಯ ಉಚ್ಚಾರ ಅಷ್ಟು ಬೇಗ ಸಿಕ್ಕಿಬೀಳುತ್ತದೆ.

ಮರಳುವಾಗ ಟೆಂಪೋದಲ್ಲಿ ಎದ್ದ ಮಾತು ತಾಮ್ರಪಟದ್ದಲ್ಲ, ಕಾಗದದ್ದು. ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು 1956ರವರೆಗೆ ಠಾಣೆಯೊಂದಿಗೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಸರ್ಕಾರದ ಹಳೆಯ ಗ್ಯಾಸೆಟಿಯರಿನಲ್ಲಿ 1882ರ ಹದಿಮೂರನೆಯ, ಹದಿನಾಲ್ಕನೆಯ ಸಂಪುಟಗಳು ಠಾಣೆಯವಾದರೆ, 1883ರ ಹದಿನೈದನೆಯದು ಕೆನರಾದ್ದು. ಕಪಾಟಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. 1853ರ ಏಪ್ರಿಲ್ 16ರಂದು ಮೊದಲ ಗಾಡಿ ಠಾಣೆಗೆ ಬಂತು, ಮರುವರ್ಷ ಕಲ್ಯಾ­ಣಕ್ಕೆ. ಆಗಿನಿಂದ ಹಳಿಯ ಗುಂಟ ಜನ ಬಂದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಕಟ್ಟಿದವರು ಹೆಚ್ಚಾಗಿ ಹಗಲು ದುಡಿದು ರಾತ್ರಿ ಸಭೆ ಸೇರುತ್ತಿದ್ದವರು. ಮನೆಯ ಬಾಡಿಗೆ ಏರಿದ ಹಾಗೆ, 1982ರ ಗಿರಣಿ ಮುಷ್ಕರದ ನಂತರ ಇನ್ನೂ ವೇಗವಾಗಿ, ಊರು ಠಾಣೆ, ಡೊಂಬಿವಲಿ, ಕಲ್ಯಾಣಗಳತ್ತ ಸರಿಯಿತು. 1970ರಲ್ಲಿ ಸಿಡ್ಕೋ ಹುಟ್ಟಿದ ಮೇಲೆ ಖಾಡಿಯಾಚೆಗೆ ನವಿ ಮುಂಬಯಿಯೂ ಎದ್ದಿತು. ಇಂದು ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘವಿದೆ, ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ, ವಾಶಿಯಲ್ಲಿ ಕನ್ನಡ ಸಂಘವಿದೆ. ಒಂದು ಸಾವಿರ ವರ್ಷಗಳ ಹಿಂದಿನ ದಾನದ ತಿಥಿ, ಸಂಕ್ರಾಂತಿ ನಮಗೆ ಗೊತ್ತು. ಐವತ್ತು ವರ್ಷಗಳ ಹಿಂದೆ ನಮ್ಮವರು ಯಾವ ಚಾಳಿನ ಯಾವ ಕೋಣೆಯಲ್ಲಿ ಮೊದಲ ಸಭೆ ಸೇರಿದರೆಂದು ಕೇಳಿದರೆ ಮೂವರು ಮೂರು ಉತ್ತರ ಕೊಡುತ್ತಾರೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಬರೆಯಬೇಕು. ನಮ್ಮ ಬಳಗದಲ್ಲಿ ರಾತ್ರಿಶಾಲೆಯ ಹಳೆಯ ಮಾಷ್ಟ್ರೊಬ್ಬರಿದ್ದರು. ಹಗಲು ಬ್ಯಾಂಕಿನ ಗುಮಾಸ್ತಿಕೆ, ರಾತ್ರಿ ಹೋಟೆಲು ಹುಡುಗರಿಗೆ ಕನ್ನಡ, ಗಣಿತ. ಮನೆಯಲ್ಲಿ ಒಂದು ತಗಡಿನ ಟ್ರಂಕು ತುಂಬ ಹಾಜರಿ ಪುಸ್ತಕಗಳು, ಸಭೆಗಳ ನಡಾವಳಿ, ವಾರ್ಷಿಕೋತ್ಸವದ ಫೋಟೋಗಳು ಇವೆಯೆಂದು ಅವರು ನಮ್ಮ ಸಭೆಯಲ್ಲಿ ಎರಡು ಸಲ ಹೇಳಿದ್ದರು. ಒಮ್ಮೆ ಬಂದು ನೋಡಿ ಎಂದು ಕರೆದೂ ಇದ್ದರು. ನಾವು ಹಂಪೆಯ ಉಪನ್ಯಾಸದ ಏರ್ಪಾಟಿನಲ್ಲಿದ್ದೆವು. ಅವರು ತೀರಿಕೊಂಡ ಎಂಟು ತಿಂಗಳಲ್ಲಿ ಆ ಕಟ್ಟಡ ಪುನರ್ವಿಕಾಸಕ್ಕೆ ಹೋಯಿತು, ಮನೆಯವರು ಬಾಡಿಗೆ ಮನೆಗೆ ಸಾಗಿದರು, ಟ್ರಂಕಿನಲ್ಲಿದ್ದುದು ರದ್ದಿಯವನ ತಕ್ಕಡಿಗೆ ಹೋಯಿತು. ಮನೆಯವರನ್ನು ದೂರುವಂತಿಲ್ಲ. ಅವು ಬೇಕಾದವರು ಯಾರಾದರೂ ಇದ್ದಾರೆಂದು ಅವರಿಗೆ ಹೇಗೆ ತಿಳಿಯಬೇಕು?

ಉಳಿದದ್ದು ಒಂದೇ ಹಾಜರಿ ಪುಸ್ತಕ. ಮೊಮ್ಮಗಳು ಹಿಂಬದಿಯ ಖಾಲಿ ಹಾಳೆಗಳಲ್ಲಿ ಚಿತ್ರ ಬಿಡಿಸಲು ಇಟ್ಟುಕೊಂಡಿದ್ದರಿಂದ ಅದು ಉಳಿಯಿತು. ವರ್ಷದ ಕೊನೆಯ ಸಭೆಗೆ ಉಪನ್ಯಾಸಕರನ್ನು ಕರೆಯದೆ ಅದನ್ನೇ ಮೇಜಿನ ಮೇಲಿಟ್ಟು ಓದಿದೆವು. ಮಾಷ್ಟ್ರ ದುಂಡಗಿನ ಅಕ್ಷರ, ನೀಲಿ ಶಾಯಿ. ಹೆಸರು, ವಯಸ್ಸು, ಊರು, ಕೆಲಸದ ಜಾಗ, ಮೂವತ್ತೊಂದು ಮನೆಗಳು, ಕೊನೆಯಲ್ಲಿ ಗೈರುಹಾಜರಿಯ ಕಾರಣ. ಜ್ವರ. ಡಬಲ್ ಡ್ಯೂಟಿ. ಸೇಟರು ಬಿಡಲಿಲ್ಲ. ಜ್ವರ. ಊರಿಗೆ. ಒಬ್ಬರು ಓದುತ್ತ ಹೋದರು, ಇನ್ನೊಬ್ಬರು ಫೋನಿನಲ್ಲಿ ಪುಟಗಳ ಚಿತ್ರ ತೆಗೆಯುತ್ತಿದ್ದರು. ಅಂದು ಹಾಜರಿ ಐವತ್ತನ್ನು ದಾಟಿತ್ತು, ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದರು.

ಕುಂದಾಪುರದ ಕಡೆಯ ಒಂದು ಊರಿನ ಹೆಸರು ಬಂದಾಗ ಕಲ್ಯಾಣದಿಂದ ಬರುವ ಹಿರಿಯರೊಬ್ಬರು, ಗೋದಾವರಿಯ ಲೆಕ್ಕ ಹಾಕಿದವರು ಅವರೇ, ಎದ್ದು ಮೇಜಿನ ಹತ್ತಿರ ಬಂದರು. ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ವಯಸ್ಸು ಹನ್ನೆರಡು, ಕೆಲಸ ಹೋಟೆಲು, ಆಷಾಢದವರೆಗೆ ಹಾಜರಿ ತುಂಬಿದೆ, ಆಮೇಲೆ 'ಊರಿಗೆ' ಎಂದು ಬರೆದು ಗೆರೆ ಎಳೆದಿದೆ. "ಅಪ್ಪ ಹೋದರು ಆ ವರ್ಷ" ಎಂದರು. ತುಸು ತಡೆದು, "ತಿರುಗಿ ಬಂದೆ ನಾನು. ಶಾಲೆಗೆ ಬರಲಿಲ್ಲ, ಅಷ್ಟೆ. ಮಾಷ್ಟ್ರಿಗೆ ಹೇಳಲೂ ಇಲ್ಲ" ಎಂದರು.

ಅವರನ್ನು ಕೂರಿಸಿ, ಆ ಸೊಸೆಯೇ ಪ್ರಶ್ನೆ ಕೇಳುತ್ತ ಹೋದರು. ಹೋಟೆಲಿನಲ್ಲಿ ಎಲ್ಲಿ ಮಲಗುತ್ತಿದ್ದಿರಿ, ಶಾಲೆಗೆ ಎಷ್ಟು ಹೊತ್ತಿಗೆ ಬಿಡುತ್ತಿದ್ದರು, ಸ್ಲೇಟು ಯಾರು ಕೊಡಿಸಿದರು. ನಲವತ್ತು ನಿಮಿಷಗಳ ಮಾತು ನಮ್ಮ ಬಳಿ ಧ್ವನಿಮುದ್ರಿಕೆಯಾಗಿದೆ. ಹಡಗಿನಿಂದ ಇಳಿದ ಮೊದಲ ದಿನದ ವಿಷಯ ಆರಂಭವಾಗುವಷ್ಟರಲ್ಲಿ ಕಲ್ಯಾಣದ ಗಾಡಿಗೆ ಹೊತ್ತಾಯಿತೆಂದು ಅವರ ಮಗ ಎಬ್ಬಿಸಿದರು. ಉಳಿದದ್ದು ಮುಂದಿನ ತಿಂಗಳು, ಎರಡನೆಯ ರವಿವಾರ, ನಾಲ್ಕು ಗಂಟೆಗೆ. ಮೆಗಾ ಬ್ಲಾಕ್ ಯಾವ ಹಳಿಯಲ್ಲಿದೆಯೆಂದು ಮೊದಲೇ ವಿಚಾರಿಸಿಕೊಂಡು ಬರಬೇಕಾಗಿ ವಿನಂತಿ. ಮನೆಯಲ್ಲಿ ಹಳೆಯ ಕಾಗದವೇನಾದರೂ ಇದ್ದರೆ ಜೊತೆಯಲ್ಲಿ ತನ್ನಿ.